ಸಾಕ್‌ನ ಹುಡುಗರಿಗೆ ಯಾಕೆ ಸಾಕಾಗುತ್ತದೆ?

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆ ಕಡೆ ಒಂದು ಕಂಪನಿಯ ಸೆಕ್ಯೂರಿಟಿ ಆಪರೇಷನ್ಸ್ ಸೆಂಟರ್‌ನ್ಯಾಗ ಶಿಫ್ಟ್ ಲೀಡ್ ಇದ್ದೇನ್ರಿ. ಸಾಕ್ ಅಂತಾರ ಇದಕ್ಕ, ಕ್ಲೈಂಟ್‌ಗಳ ಕಂಪ್ಯೂಟರ್ ಮ್ಯಾಲೆ ದಾಳಿ ಆಗ್ತದೇನು ಅಂತ ಹಗಲು-ರಾತ್ರಿ ಕಾಯೂ ಕೆಲಸ. ಎರಡು ಸಹಕಾರಿ ಬ್ಯಾಂಕು, ಒಂದು ಆಸ್ಪತ್ರೆ, ಅಮೆರಿಕದ ಒಂದು ಕ್ಲೈಂಟ್, ಇಷ್ಟು ನಮ್ಮ ಮ್ಯಾಲೆ ಅದಾವ. 12 ಮಂದಿ ಇದ್ವಿ, 14 ತಿಂಗಳದಾಗ 5 ಮಂದಿ ಬಿಟ್ಟು ಹೋದ್ರು. ಈಗ ನನ್ನ ಹಿಡದು 7. ಹಗಲು ಎರಡೂ ಶಿಫ್ಟಿಗೆ ಇಬ್ಬಿಬ್ಬರು, ನೈಟ್‌ಗೆ ಒಬ್ಬರ. ಒಂದು ನೈಟ್‌ಗೆ 180 ಅಲರ್ಟ್ (ಏನೋ ಅನುಮಾನ ಐತಿ ಅನ್ನೂ ಎಚ್ಚರಿಕೆ) ಬರ್ತಾವ, ಒಂದೊಂದಕ್ಕೂ ಒಂದು ಟಿಕೆಟ್. ‘ಬೆಂಗಳೂರು ಪಗಾರದ ಆಸೆ, ಈಗಿನ ಹುಡುಗ್ರಿಗೆ ದಮ್ಮಿಲ್ಲ’ ಅಂತಾರ ಮ್ಯಾನೇಜರ್. ಹೋದ ತಿಂಗಳು ಒಬ್ಬ ಹುಡುಗ ಒಂದ ರಾತ್ರಿ 41 ಟಿಕೆಟ್‌ಗೆ ‘ಚೆಕ್ಡ್, ಬಿನೈನ್, ಕ್ಲೋಸಿಂಗ್’ (ನೋಡೇನಿ, ಅಪಾಯ ಇಲ್ಲ, ಮುಚ್ಚಾಕತ್ತೇನಿ) ಅಂತ ಅದ ನೋಟ್ ಪೇಸ್ಟ್ ಮಾಡಿದ್ದು ಕಣ್ಣಿಗೆ ಬಿತ್ತು. ಮ್ಯಾಲೆ ಹೇಳ್ಲೋ, ಸುಮ್ಮನಿರ್ಲೋ? ನನಗೂ ಟಿಕೆಟ್ ಕ್ಯೂ ತೆರೆಯಾಕ ಕೈ ಬರವಲ್ದು. ಹಗಲು ಮಲಗಿದ್ರ ಅವ್ವ ಹತ್ತು ಸಲ ಎಬ್ಬಸ್ತಾಳ. ನಾನೂ ಬಿಟ್ಟುಬಿಡ್ಲೇನ್ರಿ? ಹೆಸರು ಬ್ಯಾಡ.

ಉತ್ತರ: ಹುಡುಗರು ಯಾಕೆ ಹೋಗುತ್ತಿದ್ದಾರೆ, ಪೇಸ್ಟ್ ಮಾಡಿದವನನ್ನು ಏನು ಮಾಡಬೇಕು, ನೀವು ಇರಬೇಕೋ ಬಿಡಬೇಕೋ. ಕೇಳಿದ್ದು ಮೂರು, ಬೇರು ಒಂದೇ. ಅದು ನೀವು ಬರೆದ ಅಂಕಿಗಳಲ್ಲೇ ಕೂತಿದೆ. ಹಾಗಾಗಿ ಮೊದಲು ಲೆಕ್ಕ ಹಾಕೋಣ.

ದಿನದ ಇಪ್ಪತ್ನಾಲ್ಕು ಗಂಟೆಯೂ ಖಾಲಿ ಬಿಡಬಾರದ ಒಂದು ಕುರ್ಚಿಗೆ ವರ್ಷಕ್ಕೆ 8,760 ಗಂಟೆಯ ದುಡಿಮೆ ಬೇಕು. ವಾರಕ್ಕೆ ಐದು ದಿನ ಬರುವ ಒಬ್ಬರಿಂದ ಸಿಗುವುದು ವರ್ಷಕ್ಕೆ 261 ದಿನ. ಅದರಲ್ಲಿ ಹಬ್ಬ, ಹಕ್ಕಿನ ರಜೆ, ಜ್ವರ, ಟ್ರೇನಿಂಗ್ ಎಂದು 41 ದಿನ ಕಳೆದರೆ 220 ದಿನ, ಅಂದರೆ 1,760 ಗಂಟೆ. ಭಾಗಿಸಿ ನೋಡಿ: ಒಂದು ಕುರ್ಚಿಗೆ 5 ಮಂದಿ. ನಿಮ್ಮಲ್ಲಿ 12 ಮಂದಿ ಇದ್ದಾಗ ಎರಡು ಕುರ್ಚಿ ತುಂಬಿ ಇಬ್ಬರು ಮೇಲೆ ಉಳಿಯುತ್ತಿದ್ದರು. ತಂಡ ಸರಿಯಾಗಿಯೇ ಇತ್ತು.

ಈಗ 7 ಮಂದಿ. ನೈಟ್‌ಗೆ ಒಬ್ಬರನ್ನೇ ಕೂರಿಸಿದರೂ ವರ್ಷಕ್ಕೆ 14,600 ಗಂಟೆ ತುಂಬಬೇಕು. ತಲೆಗೆ 2,086 ಗಂಟೆ, ಅಂದರೆ 261 ದಿನ. ಶನಿವಾರ, ಭಾನುವಾರದಷ್ಟು ವಾರದ ರಜೆ ಕಳೆದರೆ ವರ್ಷದಲ್ಲಿ ಉಳಿಯುವುದೇ ಅಷ್ಟು. ಚೌತಿಗೆ, ತಂಗಿಯ ಮದುವೆಗೆ, ಹೊಟ್ಟೆನೋವಿಗೆ ನಿಮ್ಮ ರೋಸ್ಟರ್‌ನಲ್ಲಿ ಒಂದು ದಿನವೂ ಇಲ್ಲ. ಯಾರೋ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರ ವಾರದ ರಜೆ ಹೋಗುತ್ತದೆ. ಆರನೆಯವರು ಬಿಡುವುದಕ್ಕೆ ಬೆಂಗಳೂರಿನ ಆಸೆಯೇ ಬೇಕಾಗಿಲ್ಲ.

ಇನ್ನು ಆ 180 ಅಲರ್ಟ್. ಎಂಟು ಗಂಟೆಯ ನೈಟ್‌ನಲ್ಲಿ ಊಟ, ಚಹಾ, ಕಾಲು ಚಾಚುವುದಕ್ಕೆ ಒಂದು ಗಂಟೆ, ಹ್ಯಾಂಡ್‌ಓವರ್‌ಗೆ ಅರ್ಧ ಗಂಟೆ ತೆಗೆದರೆ 390 ನಿಮಿಷ. ಒಂದು ಅಲರ್ಟಿಗೆ 2 ನಿಮಿಷ 10 ಸೆಕೆಂಡು. ಒಂದು ಅಲರ್ಟನ್ನು ನೆಟ್ಟಗೆ ನೋಡುವುದೆಂದರೆ ಏನೆಂದು ನಿಮಗೆ ಗೊತ್ತು. ಯಾವ ಯೂಸರ್, ಯಾವ ಯಂತ್ರ, ಐಪಿ (ಇಂಟರ್ನೆಟ್ ವಿಳಾಸ) ಎಲ್ಲಿಯದು, ಇದೇ ಮೊದಲೂ ಬಂದಿತ್ತೇ, ಆ ಹೊತ್ತಿನ ಹಿಂದುಮುಂದಿನ ಲಾಗ್ (ಯಂತ್ರ ತಾನೇ ಬರೆದಿಟ್ಟ ದಾಖಲೆ) ಏನು ಹೇಳುತ್ತದೆ, ಆಮೇಲೆ ನಾಳೆ ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ನೋಟ್. ಕೈ ಪಳಗಿದವರಿಗೂ 8ರಿಂದ 10 ನಿಮಿಷ. ಆ ವೇಗದಲ್ಲಿ ಒಬ್ಬರು ಒಂದು ಶಿಫ್ಟಿನಲ್ಲಿ ನೋಡಬಹುದಾದದ್ದು ಸುಮಾರು 40ರಿಂದ 48. ಉಳಿದ ನೂರಾಮೂವತ್ತನ್ನು ನೋಡದೆ ಮುಚ್ಚದೆ ಬೇರೆ ದಾರಿಯಿಲ್ಲ. ಆ ಹುಡುಗ 41ಕ್ಕೆ ಪೇಸ್ಟ್ ಮಾಡಿ ಸಿಕ್ಕಿಬಿದ್ದ. ಬೇರೆಯವರು ನೋಟಿನ ಎರಡು ಶಬ್ದ ಬದಲಿಸಿ ಅದೇ ಕೆಲಸ ಮಾಡುತ್ತಿರಬಹುದು, ಅಷ್ಟೇ.

ಇದರಲ್ಲೊಂದು ವಿಚಿತ್ರವಿದೆ. ತಂಡ ಸುಸ್ತಾದಷ್ಟೂ ಡ್ಯಾಶ್‌ಬೋರ್ಡ್ ಹಸಿರಾಗುತ್ತದೆ! ನೋಡದೆ ಮುಚ್ಚಿದ ಟಿಕೆಟ್ ಬೇಗ ಮುಚ್ಚುತ್ತದೆ, ಸರಾಸರಿ ಸಮಯ ಇಳಿಯುತ್ತದೆ, ಎಸ್‌ಎಲ್‌ಎ (ಇಷ್ಟು ಹೊತ್ತಿನೊಳಗೆ ನೋಡುತ್ತೇವೆಂದು ಕ್ಲೈಂಟಿಗೆ ಕೊಟ್ಟ ಮಾತು) ನೂರಕ್ಕೆ ನೂರು ಬರುತ್ತದೆ, ಎಸ್ಕಲೇಷನ್ (ಮೇಲಿನವರಿಗೆ ಕಳಿಸುವುದು) ಕಡಿಮೆಯಾಗಿ ಎಲ್2ನವರೂ, ಅಂದರೆ ಎರಡನೇ ಹಂತದ ಹಿರಿಯರೂ, ಖುಷಿಯಾಗಿರುತ್ತಾರೆ. ತಿಂಗಳ ವರದಿ ನೋಡಿದ ಮ್ಯಾನೇಜರ್‌ಗೆ ಏಳು ಮಂದಿಯಲ್ಲೇ ಕೆಲಸ ಚೆನ್ನಾಗಿ ನಡೆಯುತ್ತಿದೆ ಅನಿಸಿದರೆ ತಪ್ಪು ಅವರೊಬ್ಬರದೇ ಅಲ್ಲ, ಆ ವರದಿಯದೂ ಹೌದು.

ನಿಜ ಸ್ಥಿತಿ ತಿಳಿಯಲು ಕಳೆದ 30 ದಿನದ ಟಿಕೆಟ್‌ಗಳನ್ನು ಎಕ್ಸೆಲ್‌ಗೆ ಇಳಿಸಿ. ತೆರೆದ ಹೊತ್ತು, ಮುಚ್ಚಿದ ಹೊತ್ತು, ಅಲರ್ಟ್ ಎಬ್ಬಿಸಿದ ರೂಲ್‌ನ ಹೆಸರು, ಮುಚ್ಚುವಾಗ ಬರೆದ ನೋಟ್, ಈ ನಾಲ್ಕು ಕಾಲಂ ಸಾಕು. ಅನಲಿಸ್ಟ್ ಹೆಸರಿನ ಕಾಲಂ ಮೊದಲು ಅಳಿಸಿಬಿಡಿ. ಆಮೇಲೆ ಮೂರು ಎಣಿಕೆ ಮಾಡಿ: 60 ಸೆಕೆಂಡಿನೊಳಗೆ ಮುಚ್ಚಿದವು ಎಷ್ಟು, ಅಕ್ಷರಶಃ ಒಂದೇ ನೋಟ್ ಇರುವವು ಎಷ್ಟು, ಇವೆರಡೂ ಯಾವ ಹೊತ್ತಿನಲ್ಲಿ ಹೆಚ್ಚು. ಬೆಳಗಿನ ಜಾವ 3ರಿಂದ 5ರ ನಡುವೆ ದೇಹದ ಉಷ್ಣತೆ ಮತ್ತು ಎಚ್ಚರ ತೀರಾ ಕೆಳಗಿರುತ್ತವೆ. ಇಂಥ ಟಿಕೆಟ್‌ಗಳ ಗುಡ್ಡೆ ಅಲ್ಲಿಯೇ ಏಳುವ ಸಾಧ್ಯತೆ ಹೆಚ್ಚು. ಹೆಸರು ಯಾಕೆ ಅಳಿಸಬೇಕೆಂದರೆ, ಇದು ಹುಡುಗರನ್ನು ಹಿಡಿಯುವ ಬಲೆ ಎಂದು ಒಮ್ಮೆ ಗೊತ್ತಾದರೆ ಮರುದಿನದಿಂದಲೇ ಎಲ್ಲರೂ ಟಿಕೆಟನ್ನು ಐದು ನಿಮಿಷ ತೆರೆದಿಟ್ಟು, ನೋಡದೆಯೇ ಮುಚ್ಚುತ್ತಾರೆ. ನಿಮ್ಮ ಕೈಯಲ್ಲಿದ್ದ ಒಂದೇ ಅಳತೆಗೋಲೂ ಹೋಗುತ್ತದೆ.

ಮ್ಯಾನೇಜರ್ ಹೇಳಿದ ‘ದಮ್ಮಿಲ್ಲ’ದ ವಿಷಯಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಬರ್ನ್‌ಔಟ್ ಕಾಯಿಲೆಗಳ ಪಟ್ಟಿಗೆ ಸೇರಿಲ್ಲ. ಸರಿಯಾಗಿ ನಿಭಾಯಿಸದ, ಎಡೆಬಿಡದ ಕೆಲಸದ ಒತ್ತಡದಿಂದ ಬರುವ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಅದನ್ನು ಗುರುತಿಸಲಾಗಿದೆ. ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗಿ ತಾತ್ಸಾರ ಹುಟ್ಟುವುದು, ನನ್ನಿಂದ ಏನೂ ಆಗುತ್ತಿಲ್ಲ ಅನಿಸುವುದು. ಸಾಕ್‌ನಲ್ಲಿ ಮೊದಲು ಕಾಣಿಸುವುದು ಎರಡನೆಯದು. ‘ಎಲ್ಲಾ ಫಾಲ್ಸ್ ಪಾಸಿಟಿವ್ (ಹುಸಿ ಅಲರ್ಟ್) ಬಿಡೋ’ ಎಂದು ಟಿಕೆಟ್ ತೆರೆಯುವ ಮುಂಚೆಯೇ ಬಾಯಿಗೆ ಬರತೊಡಗಿದರೆ ಅದೇ. ಅಲರ್ಟಿನ ಹರಿವು ಇಷ್ಟೇ ಇದ್ದರೆ ಎಷ್ಟು ಗಟ್ಟಿ ಹುಡುಗನನ್ನು ತಂದು ಕೂರಿಸಿದರೂ ಎಂಟೋ ಹತ್ತೋ ತಿಂಗಳಿಗೆ ಅವನೂ ಅದನ್ನೇ ಅನ್ನುತ್ತಾನೆ.

ಒಂದು ಎಚ್ಚರಿಕೆ ಮಾತ್ರ ಬೇಕು. ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದಾಗ ಮನಸ್ಸು ಹಗುರಾಗುತ್ತದೆಯೇ ನೋಡಿಕೊಳ್ಳಿ. ಹಗುರಾದರೆ ಕೆಲಸದ ಬೇಸರ. ರಜೆಯಲ್ಲೂ ಊಟ ರುಚಿಸದೆ, ಗೆಳೆಯರು ಬೇಡವಾಗಿ, ಬದುಕೇ ಬೇಡ ಅನ್ನುವ ಯೋಚನೆ ಸುಳಿದರೆ ಅದು ರೋಸ್ಟರ್ ಬದಲಿಸಿ ಹೋಗುವಂಥದ್ದಲ್ಲ, ವೈದ್ಯರ ಕೆಲಸ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ. ನೈಟ್ ಶಿಫ್ಟಿನವರಿಗೆ ಮೂರು ಗಂಟೆ ರಾತ್ರಿಗೆ ಫೋನ್ ಎತ್ತುವವರು ಸಿಗುವುದು ಸಣ್ಣ ಮಾತಲ್ಲ. ಆ ಸಂಖ್ಯೆ ನಿಮ್ಮ ರೂಮಿನ ಬೋರ್ಡ್ ಮೇಲಿರಲಿ.

ಪಗಾರದ ಮಾತು ಅರ್ಧ ನಿಜ. ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ಹೆಚ್ಚು ಸಿಗುತ್ತದೆ, ಎರಡು ವರ್ಷದ ಅನುಭವವಿದ್ದವನಿಗೆ ಅದು ಗೊತ್ತು. ಆದರೆ ಪಗಾರದ ವ್ಯತ್ಯಾಸ ಅವರು ಸೇರಿದ ದಿನವೂ ಇತ್ತಲ್ಲ? ಹುಬ್ಬಳ್ಳಿಯಲ್ಲಿ ಸೇರಿದವರಲ್ಲಿ ಬಹಳ ಮಂದಿ ಮನೆ ಊಟ, ಕಡಿಮೆ ಬಾಡಿಗೆ, ವಾರಕ್ಕೊಮ್ಮೆ ಊರು ಎಂದು ಲೆಕ್ಕ ಹಾಕಿಯೇ ಸೇರಿರುತ್ತಾರೆ. ವಾರದ ರಜೆಯೇ ಹೋದ ಮೇಲೆ, ಗದಗಿನಿಂದ ಅಪ್-ಡೌನ್ ಮಾಡುವ ಹುಡುಗಿಗೆ, ಹಾವೇರಿಯ ಹುಡುಗನಿಗೆ ಇಲ್ಲಿರುವ ಲಾಭವೇ ಹೋಯಿತು. ಆಗ ಪಗಾರದ ತಕ್ಕಡಿ ಒಂದೇ ಕಡೆ ವಾಲುತ್ತದೆ. ಇನ್ನು, ಎಕ್ಸಿಟ್ ಇಂಟರ್‌ವ್ಯೂನಲ್ಲಿ ‘ಬೆಟರ್ ಆಪರ್ಚುನಿಟಿ’ ಎಂದು ಬರೆದದ್ದನ್ನು ಯಾರೂ ಸಾಕ್ಷಿ ಎಂದು ಹಿಡಿಯಬಾರದು. ರಿಲೀವಿಂಗ್ ಲೆಟರ್ ಕೈಗೆ ಬರುವ ತನಕ ಯಾರು ತಾನೇ ನಿಜ ಬರೆಯುತ್ತಾರೆ? ಈಗ ಇರುವ ಆರು ಮಂದಿಯನ್ನು ಒಬ್ಬೊಬ್ಬರಾಗಿ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ‘ಕಳೆದ ತಿಂಗಳು ಯಾವ ದಿನ ಬಿಟ್ಟುಬಿಡೋಣ ಅನಿಸಿತು, ಅವತ್ತು ಏನಾಗಿತ್ತು’ ಎಂದು ಕೇಳಿ. ಉತ್ತರದಲ್ಲಿ ಒಂದು ತಾರೀಕು, ಒಂದು ಘಟನೆ ಬರುತ್ತದೆ. ಅದು ಸಾಕ್ಷಿ.

ಯೋಗ ಶಿಬಿರ, ಶುಕ್ರವಾರದ ಮಿರ್ಚಿ-ಗಿರ್ಮಿಟ್ ಪಾರ್ಟಿ ಇವೆಲ್ಲ ಇರಲಿ, ಬೇಡ ಅನ್ನುವುದಿಲ್ಲ. ನೈಟ್ ಮುಗಿಸಿದವನನ್ನು ಅದಕ್ಕಾಗಿ ಹತ್ತು ಗಂಟೆ ತನಕ ನಿಲ್ಲಿಸಿಕೊಳ್ಳದಿದ್ದರೆ ಸಾಕು.

ಈಗ ಬೇರಿಗೆ ಬರುತ್ತೇನೆ. ಜನ ಸುಸ್ತಾಗುವುದು ಅಲರ್ಟ್ ಹೆಚ್ಚಿದ್ದಕ್ಕೆ ಎಷ್ಟೋ, ಅದೇ ಸುಳ್ಳು ಅಲರ್ಟ್ ನಾಳೆಯೂ ಬರುತ್ತದೆ, ಅದನ್ನು ನಿಲ್ಲಿಸುವ ಹಕ್ಕು ತನಗಿಲ್ಲ ಎಂದು ಗೊತ್ತಿರುವುದಕ್ಕೂ ಅಷ್ಟೇ. ಬಹಳ ಕಡೆ ರೂಲ್ ತಿದ್ದುವ ಅಧಿಕಾರ ಬೇರೆ ತಂಡದ್ದು ಅಥವಾ ಕ್ಲೈಂಟಿನದು. ನೆಲ ಒರೆಸುವವನಿಗೆ ಸೋರುವ ನಲ್ಲಿ ಬಂದ್ ಮಾಡುವ ಹಕ್ಕಿಲ್ಲದ ಹಾಗೆ.

ಸೋರುವ ನಲ್ಲಿ ಹೇಗಿರುತ್ತದೆಂದು ಎರಡು ಉದಾಹರಣೆ ಹತ್ತಿರದಿಂದ ನೋಡೋಣ. ಸಹಕಾರಿ ಬ್ಯಾಂಕಿನ ಯಾವುದೋ ಸರ್ವರಿನಲ್ಲಿ ಒಂದು ಸರ್ವಿಸ್ ಅಕೌಂಟ್ (ಮನುಷ್ಯರದ್ದಲ್ಲ, ಪ್ರೋಗ್ರಾಂ ಬಳಸುವ ಖಾತೆ) ಇದೆ ಎನ್ನಿ. ಪಾಸ್‌ವರ್ಡ್ ಬದಲಾಗಿದೆ, ಆದರೆ ರಾತ್ರಿ ಹಗಲು ತಾನಾಗಿ ಓಡುವ ಪ್ರೋಗ್ರಾಂನಲ್ಲಿ ಹಳೆಯದೇ ಉಳಿದಿದೆ. 5 ನಿಮಿಷಕ್ಕೊಮ್ಮೆ ಲಾಗಿನ್ ವಿಫಲ. ಅರ್ಧ ಗಂಟೆಯಲ್ಲಿ 5 ವಿಫಲವಾದರೆ ಅಲರ್ಟ್ ಎಬ್ಬಿಸು ಎಂದು ರೂಲ್ ಇದ್ದರೆ, ಅರ್ಧ ಗಂಟೆಗೊಂದು ಅಲರ್ಟ್, ದಿನಕ್ಕೆ 48, ನಿಮ್ಮ ನೈಟ್‌ಗೆ 16. ಬ್ಯಾಂಕಿನ ಐಟಿಯವರು ಒಂದು ಪಾಸ್‌ವರ್ಡ್ ಸರಿಮಾಡಿದರೆ 180ರಲ್ಲಿ 16 ಇಲ್ಲ. ಅವರಿಗೆ ಅದನ್ನು ಯಾರೂ ಹೇಳಿರುವುದಿಲ್ಲ, ಯಾಕೆಂದರೆ ಹೇಳುವವನು 16 ಟಿಕೆಟ್ ಮುಚ್ಚುವುದರಲ್ಲಿ ಇರುತ್ತಾನೆ.

ಎರಡನೆಯದು, ಅಸಾಧ್ಯ ಪ್ರಯಾಣದ ರೂಲ್. ಅಣ್ಣಿಗೇರಿ ಶಾಖೆಯ ಒಬ್ಬರು ಶಾಖೆಯ ಲೈನಿನಲ್ಲಿ ಮೇಲ್ ತೆರೆದು, ಹತ್ತು ನಿಮಿಷ ಬಿಟ್ಟು ಮೊಬೈಲ್ ಡೇಟಾದಲ್ಲಿ ಮತ್ತೆ ತೆರೆಯುತ್ತಾರೆ. ಮೊಬೈಲ್ ಕಂಪನಿಯ ಗೇಟ್‌ವೇ ಚೆನ್ನೈನಲ್ಲೋ ಮುಂಬೈನಲ್ಲೋ ಇರುತ್ತದೆ. ಅಣ್ಣಿಗೇರಿಯ ಕ್ಯಾಷಿಯರ್ ಹತ್ತು ನಿಮಿಷದಲ್ಲಿ ಮುಂಬೈ ಮುಟ್ಟಿದರೆಂದು ನಿಮ್ಮ ಸೀಮ್ (ಲಾಗ್ ಒಟ್ಟುಗೂಡಿಸಿ ಅಲರ್ಟ್ ಎಬ್ಬಿಸುವ ಸಾಫ್ಟ್‌ವೇರ್) ಹೌಹಾರುತ್ತದೆ. ಊರು ಬದಲಾಗುವುದರ ಜೊತೆಗೆ ಹೊಸ ಸಾಧನವೂ ಇರಬೇಕು, ಇಲ್ಲವೇ ಓಟಿಪಿ ವಿಫಲವಾಗಿರಬೇಕು ಎಂದು ಷರತ್ತು ಸೇರಿಸಿದರೆ ಗದ್ದಲ ನಿಲ್ಲುತ್ತದೆ. ಅಪಾಯ ಎಲ್ಲಿ ಅಂದರೆ, ‘ಭಾರತದ ಮೊಬೈಲ್ ಐಪಿ ಎಲ್ಲ ಬಿಟ್ಟುಬಿಡು’ ಎಂದು ಸುಲಭದ ದಾರಿ ಹಿಡಿದರೆ, ಇಲ್ಲಿಯದೇ ಸಿಮ್ ಹಾಕಿಕೊಂಡು ಕೂತ ಕಳ್ಳನಿಗೂ ಬಾಗಿಲು ತೆರೆದ ಹಾಗೆ.

ಟ್ಯೂನಿಂಗ್, ಅಂದರೆ ರೂಲ್ ತಿದ್ದಿ ಗದ್ದಲ ಇಳಿಸುವ ಕ್ರಮ ಹೀಗಿರಲಿ. ಮೇಲೆ ಹೇಳಿದ 30 ದಿನದ ಹಾಳೆಯನ್ನು ರೂಲ್‌ನ ಹೆಸರಿನ ಮೇಲೆ ಗುಂಪು ಮಾಡಿ, ಹೆಚ್ಚು ಅಲರ್ಟ್ ಎಬ್ಬಿಸುವ ಹತ್ತು ರೂಲ್ ಆರಿಸಿ. ಸಾಮಾನ್ಯವಾಗಿ ಗದ್ದಲದ ಬಹುಪಾಲು ಅಲ್ಲೇ ಸಿಗುತ್ತದೆ. ಒಂದೊಂದಕ್ಕೂ ಪಕ್ಕದಲ್ಲಿ ಬರೆಯಿರಿ: ಒಟ್ಟು ಎಷ್ಟು, ನಿಜವಾದದ್ದು ಎಷ್ಟು, ಮೂಲ ಕಾರಣ ಏನು, ಸರಿಮಾಡಬೇಕಾದವರು ಯಾರು. ಮೂಲವನ್ನೇ ಸರಿಮಾಡಲು ಆಗುವುದಾದರೆ ಅದೇ ಮೊದಲು. ಆಗದಿದ್ದರೆ ರೂಲ್‌ಗೆ ಷರತ್ತು ಸೇರಿಸಿ. ಅದೂ ಆಗದಿದ್ದರೆ ಮಾತ್ರ ಸಪ್ರೆಸ್ ಮಾಡಿ, ಅಂದರೆ ಆ ಅಲರ್ಟ್ ಏಳದಂತೆ ತಡೆಯಿರಿ. ಸಪ್ರೆಸ್ ಮಾಡುವಾಗ ಅಕೌಂಟಿನ ಹೆಸರೊಂದನ್ನೇ ಹಾಕಬೇಡಿ. ಬ್ಯಾಕಪ್ ಅಕೌಂಟ್ ಈ ಒಂದು ಸರ್ವರಿನಿಂದ ಆ ಒಂದು ಯಂತ್ರಕ್ಕೆ, ಈ ಪ್ರೋಗ್ರಾಂ ಮೂಲಕ ಹೋದರೆ ಸುಮ್ಮನಿರು, ಬೇರೆ ಎಲ್ಲಿಂದ ಬಂದರೂ ಕೂಗು ಎಂದಿರಬೇಕು. ದಾಳಿಕೋರರಿಗೆ ಸರ್ವಿಸ್ ಅಕೌಂಟ್ ಅಂದರೆ ಪ್ರೀತಿ ಜಾಸ್ತಿ, ನಾವು ಕಣ್ಣು ಮುಚ್ಚಿದ್ದೇವೆಂದು ಅವರಿಗೂ ಗೊತ್ತು. ಪ್ರತಿ ಸಪ್ರೆಷನ್‌ಗೆ ಕಾರಣ, ಒಪ್ಪಿದವರ ಹೆಸರು, 90 ದಿನದ ಅವಧಿ ಬರೆದಿಡಿ. ಅವಧಿ ಮುಗಿದಾಗ ಅದು ತಾನಾಗಿ ಕಳಚಬೇಕು. ಬದಲಾದ ರೂಲನ್ನು ಹಳೆಯ 30 ದಿನದ ಲಾಗ್ ಮೇಲೆ ಓಡಿಸಿ, ಆಗ ಸಿಕ್ಕಿದ್ದ ನಿಜವಾದ ಘಟನೆಗಳು ಈಗಲೂ ಸಿಗುತ್ತವೆಯೇ ನೋಡದೆ ಚಾಲೂ ಮಾಡಬೇಡಿ.

ಈ ಕೆಲಸವನ್ನು ಎಲ್1 (ಮೊದಲ ಹಂತದ) ಹುಡುಗರೇ ಮಾಡಬೇಕು, ವಾರಕ್ಕೆ ತಲಾ 4 ಗಂಟೆ, ಕ್ಯೂ ಮುಟ್ಟದೆ. ಏಳು ಮಂದಿಯಲ್ಲಿ 4 ಗಂಟೆ ಎಲ್ಲಿಂದ ತರಲಿ ಅಂತೀರಿ. ಮೊದಲ ಎರಡು ವಾರ ನೀವೂ ಎಲ್2ನವರೂ ಕ್ಯೂ ಹಿಡಿಯಬೇಕಾಗುತ್ತದೆ, ಅದಕ್ಕೆ ಬದಲಿ ದಾರಿ ನನಗೆ ಗೊತ್ತಿಲ್ಲ. ಆದರೆ ತಾನು ತಿದ್ದಿದ ರೂಲಿನಿಂದ ರಾತ್ರಿಗೆ 16 ಅಲರ್ಟ್ ಹೋದದ್ದನ್ನು ಕಂಡ ಹುಡುಗನ ಮುಖ ಬೇರೆಯೇ ಇರುತ್ತದೆ.

ಇದಕ್ಕೆಲ್ಲ ಆಟೊಮೇಷನ್ ತಂದರಾಯಿತು ಎಂದು ಯಾರಾದರೂ ಹೇಳಬಹುದು. ಐಪಿಯ ಜಾತಕ ತೆಗೆಯುವುದು, ಯೂಸರ್ ಯಾವ ವಿಭಾಗದವರು ಎಂದು ಟಿಕೆಟ್‌ನಲ್ಲೇ ತುಂಬುವುದು, ಇವನ್ನು ಯಂತ್ರಕ್ಕೆ ಬಿಡಿ. 10 ನಿಮಿಷದ ಕೆಲಸ 5ಕ್ಕೆ ಇಳಿಯಬಹುದು. ಮುಚ್ಚುವ ಅಧಿಕಾರವನ್ನು ಮಾತ್ರ ಟ್ಯೂನಿಂಗ್ ಆಗದ ರೂಲ್‌ಗಳ ಮೇಲೆ ಕೊಡಬೇಡಿ. ಹುಡುಗ ಮಾಡಿದ ಪೇಸ್ಟನ್ನೇ ಯಂತ್ರ ವೇಗವಾಗಿ ಮಾಡುತ್ತದೆ, ಅಷ್ಟೇ. ಇನ್ನೊಂದು: ಸುಲಭದವೆಲ್ಲ ಯಂತ್ರಕ್ಕೆ ಹೋದರೆ ಮನುಷ್ಯನ ಮುಂದೆ ಉಳಿಯುವುದು ಬರೀ ತಲೆ ತಿನ್ನುವಂಥವು. ಆಗ ಒಬ್ಬರಿಗೆ 40 ಎಂಬ ಲೆಕ್ಕವನ್ನು 20-25ಕ್ಕೆ ಇಳಿಸಬೇಕು. ಉಳಿತಾಯವೆಂದು ಇಬ್ಬರನ್ನು ತೆಗೆದರೆ ಮತ್ತೆ ಮೊದಲಿನ ಕಥೆ.

ಮೇಲಕ್ಕೆ ಕಳಿಸಿದ ಮೇಲೆ ಏನಾಯಿತೆಂದು ಗೊತ್ತಾಗದಿರುವುದೂ ಹುಡುಗರನ್ನು ಒಳಗೊಳಗೇ ತಿನ್ನುತ್ತದೆ. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿ ಸರಪಳಿಯಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಅಲರ್ಟ್ ಬಂದದ್ದನ್ನು ಬೆಂಗಳೂರಿನಲ್ಲಿ ಕೂತ ಅವರ ತಂಡ ಅಮೆರಿಕದ ಕಚೇರಿಗೆ ತಿಳಿಸಿತ್ತು, ಅಲ್ಲಿ ಕ್ರಮವಾಗಲಿಲ್ಲ ಎಂದು ಮರುವರ್ಷ ವರದಿಗಳಾದವು. ನಿಮ್ಮ ಹುಡುಗರು ಅಮೆರಿಕದ ಕ್ಲೈಂಟಿಗೆ ಕಳಿಸುವ ಎಸ್ಕಲೇಷನ್‌ಗಳಿಗೆ ಏನು ಉತ್ತರ ಬರುತ್ತದೆ? ವಾರಕ್ಕೊಮ್ಮೆ 20 ನಿಮಿಷ, ಕಳೆದ ವಾರ ಕಳಿಸಿದ್ದರಲ್ಲಿ ಯಾವುದು ನಿಜವಾಯಿತು, ಯಾವುದು ಅಲ್ಲ, ಯಾಕೆ ಎಂದು ಕಳಿಸಿದವನಿಗೇ ಹೇಳುವ ವ್ಯವಸ್ಥೆ ಮಾಡಿ. ಖರ್ಚಿಲ್ಲದ ಉಪಾಯ, ಆದರೂ ಯಾರೂ ಮಾಡುವುದಿಲ್ಲ.

ನೈಟ್‌ನ ಒಂಟಿ ಕುರ್ಚಿಗೆ ದಾರಿಗಳು ಕೆಲವು ಇವೆ, ಯಾವುದೂ ಪುಕ್ಕಟೆ ಅಲ್ಲ.

ನೇರವಾದದ್ದು ಮೂವರನ್ನು ಸೇರಿಸಿಕೊಳ್ಳುವುದು. 10 ಮಂದಿಯಾದರೆ ಎರಡು ಕುರ್ಚಿ ತುಂಬುತ್ತವೆ. ಇಲ್ಲಿಯ ಇಂಜಿನಿಯರಿಂಗ್ ಕಾಲೇಜುಗಳಿಂದ ಫ್ರೆಶರ್‌ಗಳು ಸಿಗುತ್ತಾರೆ, ಆದರೆ ಮೂರು ತಿಂಗಳು ಅವರಿಂದ ಅರ್ಧ ಕೆಲಸವೇ, ಕಲಿಸುವವರ ಅರ್ಧ ಕೆಲಸವೂ ಹೋಗುತ್ತದೆ. ಗದ್ದಲ ಇಳಿಸದೆ ಸೇರಿಸಿಕೊಂಡರೆ, ದಣಿದ ತಂಡದ ತಾತ್ಸಾರವನ್ನು ಅವರು ಮೊದಲ ತಿಂಗಳಲ್ಲೇ ಕಲಿಯುತ್ತಾರೆ. ಮೊದಲು ಟ್ಯೂನಿಂಗ್, ಆಮೇಲೆ ಹೊಸಬರು.

ಇನ್ನೊಂದು, ನೈಟ್‌ಗೆ ಬರುವುದನ್ನೇ ಕಡಿಮೆ ಮಾಡುವುದು. ಕಡಿಮೆ ತೀವ್ರತೆಯವು ಬೆಳಗಿನ ಶಿಫ್ಟಿಗೆ ಕಾಯಲಿ, ರಾತ್ರಿ ಹೆಚ್ಚು ತೀವ್ರತೆಯವು ಮಾತ್ರ, ಜೊತೆಗೆ ಫೋನಿಗೆ ಸಿಗುವ ಒಬ್ಬ ಎಲ್2. ಒಬ್ಬರೇ ಇರಬೇಕಾದ ತನಕ ನನ್ನ ಆಯ್ಕೆ ಇದೇ. ಅಪಾಯ ಏನೆಂದರೆ ದೊಡ್ಡ ದಾಳಿಯ ಮೊದಲ ಹೆಜ್ಜೆ ಬಹಳ ಸಲ ಸಣ್ಣ ಅಲರ್ಟಿನ ವೇಷದಲ್ಲೇ ಬರುತ್ತದೆ. ಅದಕ್ಕೆ ತೀವ್ರತೆ ಏನೇ ಇರಲಿ ರಾತ್ರಿಯೇ ನೋಡಬೇಕಾದ ಪಟ್ಟಿಯೊಂದು ಇರಲಿ: ಹೊಸ ಅಡ್ಮಿನ್ ಅಕೌಂಟ್ ಹುಟ್ಟುವುದು, ಯಾವುದೇ ಯಂತ್ರದಲ್ಲಿ ಇಡಿಆರ್ (ಯಂತ್ರದೊಳಗಿನ ಕಾವಲು ಸಾಫ್ಟ್‌ವೇರ್) ನಿಲ್ಲುವುದು, ಲಾಗ್ ಬರುವುದೇ ನಿಂತುಹೋಗುವುದು, ಬ್ಯಾಕಪ್ ಅಳಿಸುವುದು. ಇದನ್ನು ಕ್ಲೈಂಟ್ ಜೊತೆ ಬರಹದಲ್ಲಿ ಒಪ್ಪಿಸಬೇಕು, ನೀವೇ ಸದ್ದಿಲ್ಲದೆ ಮಾಡುವಂತಿಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ 2019ರ ಡಿಸೆಂಬರ್ 31ರ ಹಂತವಾರು ಸೈಬರ್ ಭದ್ರತಾ ಚೌಕಟ್ಟು ಇದೆ. ನಿಮ್ಮ ಬ್ಯಾಂಕು ಯಾವ ಹಂತದಲ್ಲಿದೆ ಎಂಬುದರ ಮೇಲೆ ಅವರು ಎಷ್ಟು ಬಿಡಬಹುದು ಅನ್ನುವುದು ನಿಂತಿದೆ.

12 ಗಂಟೆಯ ಶಿಫ್ಟ್, ನಾಲ್ಕು ದಿನ ಕೆಲಸ ನಾಲ್ಕು ದಿನ ರಜೆ, ಇದನ್ನು ಹುಡುಗರೇ ಕೇಳುತ್ತಾರೆ, ಅದರಲ್ಲೂ ಊರಿಗೆ ಹೋಗುವವರು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಇದೆ. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10, ಆ ಓವರ್‌ಟೈಮ್‌ಗೆ ಎರಡು ಪಟ್ಟು ಪಗಾರ. ‘ಐಟಿಗೆ ಇದರಿಂದ ವಿನಾಯಿತಿ ಇದೆ’ ಅನ್ನುವುದು ತಪ್ಪು ತಿಳಿವಳಿಕೆ. ಐಟಿ ಕಂಪನಿಗಳಿಗೆ ರಾಜ್ಯ ಕೊಟ್ಟುಕೊಂಡು ಬಂದ ವಿನಾಯಿತಿ ಸ್ಟ್ಯಾಂಡಿಂಗ್ ಆರ್ಡರ್ಸ್ (ನೌಕರಿಯ ನಿಯಮಾವಳಿ) ಕಾನೂನಿನದು, ದುಡಿಮೆಯ ಗಂಟೆಗಳದ್ದಲ್ಲ. ಕಾನೂನು ಬದಿಗಿಟ್ಟರೂ ಹತ್ತನೇ ಗಂಟೆಯ ಮೇಲೆ ನೋಡಿದ ಅಲರ್ಟನ್ನು ನಂಬುವುದು ಕಷ್ಟ.

ನೈಟ್‌ನಲ್ಲೇ ಕಾಯಂ ಇರಲು ಒಪ್ಪುವವರೂ ಕೆಲವರು ಸಿಗುತ್ತಾರೆ, ಭತ್ಯೆ ಸರಿಯಾಗಿದ್ದರೆ. ಆರು ತಿಂಗಳಿಗಿಂತ ಹೆಚ್ಚು ಬಿಡಬೇಡಿ. ತಂಡದ ಮುಖವೇ ಕಾಣದವನು ತಂಡದವನಾಗಿ ಉಳಿಯುವುದಿಲ್ಲ.

ರೋಸ್ಟರ್ ಯಾವುದೇ ಇರಲಿ, ತಿರುಗುವ ದಿಕ್ಕು ಮುಂದಕ್ಕಿರಲಿ: ಬೆಳಗಿನದು, ಮಧ್ಯಾಹ್ನದ್ದು, ಆಮೇಲೆ ನೈಟ್. ದೇಹಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಸತತ ನೈಟ್ ಮೂರಕ್ಕೆ ನಿಲ್ಲಲಿ, ಕೊನೆಯ ನೈಟ್ ಆದ ಮೇಲೆ ಪೂರಾ ಎರಡು ದಿನ ರಜೆ, ಯಾವ ಎರಡು ಶಿಫ್ಟಿನ ನಡುವೆಯೂ 11 ಗಂಟೆಗೆ ಕಡಿಮೆ ಬೇಡ. ‘ತಿಂಗಳು ನೈಟ್ ಮಾಡಿದರೆ ಮೈ ಒಗ್ಗುತ್ತದೆ’ ಅನ್ನುತ್ತಾರೆ. ಮನೆಗೆ ಹೋಗುವ ದಾರಿಯಲ್ಲೇ ಬಿಸಿಲು ಕಣ್ಣಿಗೆ ಬೀಳುತ್ತದೆ, ರಜೆಯ ದಿನ ಮನೆಮಂದಿಯ ಜೊತೆ ಹಗಲು ಎದ್ದಿರಬೇಕು. ಹೀಗಿರುವಾಗ ಮೈ ಪೂರ್ತಿ ಒಗ್ಗುವುದಿಲ್ಲ. ಆರು ಗಂಟೆಗೆ ನೈಟ್ ಮುಗಿಸಿ ಬೈಕ್ ಹತ್ತಿ ಗದಗ ರಸ್ತೆ ಹಿಡಿಯುವವರಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಬಸ್ಸೋ ರೈಲೋ ಕ್ಯಾಬೋ, ಬೇರೆಯವರು ಓಡಿಸುವ ಗಾಡಿಯೇ ಆಗಬೇಕು.

ಒಂದೂವರೆ ವರ್ಷ ಎಲ್1ನಲ್ಲೇ ಕೂತವನು ಹೋಗುವುದು ಸಹಜ. ವಾರದಲ್ಲಿ ನಾಲ್ಕು ದಿನ ಕ್ಯೂ, ಒಂದು ದಿನ ಬೇರೆ ಏನಾದರೂ: ಫಿಶಿಂಗ್ ಮೇಲ್ ಬಿಡಿಸಿ ನೋಡುವುದು, ಹೊಸ ರೂಲ್ ಬರೆಯುವುದು, ಹೊಸ ಕ್ಲೈಂಟಿನ ಲಾಗ್ ಜೋಡಿಸುವುದು. ಪರೀಕ್ಷೆಯ ಶುಲ್ಕ ಕಂಪನಿ ಕೊಡಲಿ. ಅದಕ್ಕೆ ಬಾಂಡ್ ಬರೆಸಿಕೊಳ್ಳುವ ಯೋಚನೆ ಮ್ಯಾನೇಜರ್‌ಗೆ ಬಂದೇ ಬರುತ್ತದೆ. ‘ಬಾಂಡ್ ಕೋರ್ಟಿನಲ್ಲಿ ನಿಲ್ಲೂದಿಲ್ಲ’ ಎಂದು ಹುಡುಗರೂ ನಂಬಿರುತ್ತಾರೆ. ಅದು ಪೂರ್ತಿ ನಿಜವಲ್ಲ. 2025ರ ಮೇನಲ್ಲಿ ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕಾನೂನು ಏನೇ ಇರಲಿ, ಬಾಂಡ್ ಹಿಡಿದಿಡುವುದು ಬಿಟ್ಟುಹೋಗಲು ತೀರ್ಮಾನಿಸಿಯಾದವನನ್ನು. ಅವನು ಕುರ್ಚಿಯಲ್ಲಿ ಇರುತ್ತಾನೆ, ಅಲರ್ಟ್ ನೋಡುವುದಿಲ್ಲ. ಶುಲ್ಕದಷ್ಟು ಮೊತ್ತ, ಆರು ತಿಂಗಳ ಅವಧಿ, ಅದಕ್ಕಿಂತ ಹೆಚ್ಚು ಕಟ್ಟಬೇಡಿ.

ಈಗ ಆ 41 ಟಿಕೆಟ್. ಸುಮ್ಮನಿರುವಂತಿಲ್ಲ. ಹೆಸರು ಹಿಡಿದು ಮೇಲೆ ಕಳಿಸುವುದೂ ಬೇಡ. ಹುಡುಗನನ್ನು ಪಕ್ಕ ಕೂರಿಸಿಕೊಂಡು 41ನ್ನೂ ಮತ್ತೆ ತೆರೆಯಿರಿ. ಒಂದಕ್ಕೆ 8-10 ನಿಮಿಷದಂತೆ ಇಬ್ಬರಿಗೆ ಹಂಚಿದರೆ ಹೆಚ್ಚೆಂದರೆ ಮೂರೂವರೆ ಗಂಟೆ. ತಿಂಗಳ ಹಿಂದಿನ ಲಾಗ್ ಸಿಗಬೇಕು: 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ 180 ದಿನ ಇಟ್ಟಿರಲೇಬೇಕು. ಎಲ್ಲವೂ ಹುಸಿಯಾಗಿದ್ದರೆ ವರದಿಯಲ್ಲಿ ‘ನೈಟ್‌ನಲ್ಲಿ ಒಬ್ಬರಿಗೆ 180, ಪರಿಶೀಲನೆಯಿಲ್ಲದೆ 41 ಮುಚ್ಚಿಹೋಗಿದ್ದವು, ಮರುಪರಿಶೀಲನೆ ಮಾಡಿದ್ದೇವೆ’ ಎಂದು ಬರೆಯಿರಿ, ಹೆಸರಿಲ್ಲದೆ. ಒಂದು ನಿಜವಾದದ್ದು ಸಿಕ್ಕಿದರೆ ಆ ಕ್ಷಣವೇ ಮೇಲಿನವರಿಗೂ ಕ್ಲೈಂಟಿಗೂ ಹೇಳಬೇಕು. ಅದೇ ನಿರ್ದೇಶನದಲ್ಲಿ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಹೋಗಬೇಕೆಂದಿದೆ. ಗಡಿಯಾರ ಶುರುವಾಗಿರುತ್ತದೆ, ಹುಡುಗನನ್ನು ಉಳಿಸಬೇಕೆಂದು ಅದನ್ನು ಮುಚ್ಚಿಟ್ಟರೆ ಅವನ ಜೊತೆ ನೀವೂ ಹೋಗುತ್ತೀರಿ.

ಮ್ಯಾನೇಜರ್ ಮುಂದೆ ಒಂದೇ ಹಾಳೆ ಇಡಿ. 14,600 ಗಂಟೆಯ ಲೆಕ್ಕ, ಒಂದು ಅಲರ್ಟಿಗೆ 2 ನಿಮಿಷ 10 ಸೆಕೆಂಡಿನ ಲೆಕ್ಕ, ಹತ್ತು ರೂಲ್‌ಗಳ ಪಟ್ಟಿ, ಒಬ್ಬ ಬಿಟ್ಟುಹೋದರೆ ಆಗುವ ಖರ್ಚು. ಪಗಾರ 35,000 ಎಂದಿಟ್ಟುಕೊಂಡರೆ ಹೊಸಬನ ಮೂರು ತಿಂಗಳ ಅರ್ಧ ಕೆಲಸಕ್ಕೆ 52,500 ರೂಪಾಯಿ, ಅದಕ್ಕೆ ಕನ್ಸಲ್ಟೆನ್ಸಿಯ ಕಮಿಷನ್, ಕಲಿಸುವವರ ಗಂಟೆಗಳನ್ನು ಸೇರಿಸಿ. ಕೇಳುವುದು ಮಾತ್ರ ಒಂದೇ ಇರಲಿ: ವಾರಕ್ಕೆ ತಲಾ 4 ಗಂಟೆ ಟ್ಯೂನಿಂಗ್, 30 ದಿನ. ಐದು ಬೇಡಿಕೆ ಒಟ್ಟಿಗೆ ಇಟ್ಟರೆ ಸುಲಭದ ಒಂದನ್ನು, ಬಹುಶಃ ಯೋಗ ಶಿಬಿರವನ್ನೇ, ಆರಿಸಿಕೊಳ್ಳುತ್ತಾರೆ.

ನೀವು ಬಿಡಬೇಕೋ? ನೈಟ್ ಮುಗಿಸಿದ ವಾರದಲ್ಲಿ ಆ ತೀರ್ಮಾನ ತೆಗೆದುಕೊಳ್ಳಬೇಡಿ. ಹತ್ತು ದಿನ ರಜೆ ಹಾಕಿ, ಆಫೀಸಿನ ವಾಟ್ಸಾಪ್ ಗುಂಪು ಮ್ಯೂಟ್ ಮಾಡಿ, ಎಂಟನೇ ದಿನ ಯೋಚಿಸಿ. ಬೇಸರ ಟಿಕೆಟಿನದೋ, ಸೆಕ್ಯೂರಿಟಿ ಕೆಲಸದ್ದೋ, ಈ ಕಂಪನಿಯದೋ ಅನ್ನುವುದು ಆಗ ಬಿಡಿಸಿ ಕಾಣುತ್ತದೆ. ಟಿಕೆಟಿನದಾದರೆ ರೂಲ್ ಬರೆಯುವ ತಂಡ, ಆಡಿಟ್ ಕಡೆಯ ಕೆಲಸ, ಬ್ಯಾಂಕಿನದೇ ಐಟಿ ವಿಭಾಗ, ಇವೆಲ್ಲಕ್ಕೂ ಶಿಫ್ಟ್ ಲೀಡ್ ಅನುಭವ ನಡೆಯುತ್ತದೆ. ಕಂಪನಿಯದಾದರೆ, ಆ ಹಾಳೆ ಕೊಟ್ಟು 90 ದಿನವಾದರೂ ಒಂದು ರೂಲೂ ಬದಲಾಗದಿದ್ದರೆ, ಬಿಡಿ. ಮೂರು ತಿಂಗಳ ಖರ್ಚು ಕೈಯಲ್ಲಿರಲಿ, ನೋಟಿಸ್ ಅವಧಿ ಎಷ್ಟೆಂದು ಆಫರ್ ಲೆಟರ್‌ನಲ್ಲಿ ಓದಿಕೊಳ್ಳಿ.

ಅಲ್ಲಿಯ ತನಕ ನಿದ್ದೆ. ನೈಟ್‌ನಲ್ಲಿ ರಾತ್ರಿ ಎರಡರ ಮೇಲೆ ಚಹಾ, ಕಾಫಿ ಬೇಡ, ಅದರ ಅಂಶ ಅರ್ಧ ಇಳಿಯಲೂ ಐದಾರು ಗಂಟೆ ಬೇಕು. ಮೂರರ ಹೊತ್ತಿಗೆ ಬೇರೊಬ್ಬರು ಕ್ಯೂ ಹಿಡಿದರೆ 20 ನಿಮಿಷ ಕಣ್ಣು ಮುಚ್ಚಬಹುದು, ಒಂಟಿ ಕುರ್ಚಿಯಲ್ಲಿ ಅದೂ ಆಗುವುದಿಲ್ಲ. ಮನೆಯಲ್ಲಿ ಕಿಟಕಿಗೆ ದಪ್ಪನೆಯ ಕಪ್ಪು ಪರದೆ, ಫೋನ್ ಇನ್ನೊಂದು ಕೋಣೆಯಲ್ಲಿ. ಅವ್ವನ ಮಾತು ಬೇರೆ. ಅವರು ಎಬ್ಬಿಸುವುದು ಮಗ ಹಗಲು ಮಲಗಿದ್ದಾನೆ, ಮೈಯಲ್ಲಿ ಹುಷಾರಿಲ್ಲವೇನೋ ಎಂಬ ದಿಗಿಲಿಗೂ ಇರಬಹುದು. ತಿಂಗಳ ರೋಸ್ಟರ್ ಬಂದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೈಟ್ ಇರುವ ತಾರೀಕುಗಳಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಮಧ್ಯಾಹ್ನ 3ಕ್ಕೆ ಎಬ್ಬಿಸು’ ಎಂದು ಬರೆದಿಡಿ. ಎಬ್ಬಿಸುವ ಹೊತ್ತನ್ನು ಅವರ ಕೈಗೇ ಕೊಟ್ಟರೆ ಅಲ್ಲಿಯ ತನಕ ಬಾಗಿಲು ಬಡಿಯುವವರನ್ನು ಅವರೇ ಕಳಿಸುತ್ತಾರೆ.